ಮಾತಿನ ಜೊತೆಗೆ ಬುತ್ತಿಯನ್ನೂ ತರುವ ತಂತಿ

ಜುಲೈ ತಿಂಗಳ ಒಂದು ರಾತ್ರಿ. ಮಂಗಳೂರಿನ ಮಳೆಯ ಬಗ್ಗೆ ಹೇಳಬೇಕೆ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು. ಗಾಳಿಗೆ ಎಲ್ಲೋ ಒಂದು ತೆಂಗಿನ ಮಡಲು ಕರೆಂಟಿನ ತಂತಿಯ ಮೇಲೆ ಬೀಳುತ್ತದೆ. ಬೀದಿಗೆ ಬೀದಿಯೇ ಕತ್ತಲಾಗುತ್ತದೆ. ಇಪ್ಪತ್ತೈದು, ಮೂವತ್ತು ವರ್ಷಗಳ ಹಿಂದಾದರೆ ಆ ಕತ್ತಲಲ್ಲೂ ಮನೆಯ ಚಾವಡಿಯಿಂದ ಒಂದು ಸದ್ದು ಕೇಳುತ್ತಿತ್ತು. ಮೂಲೆಯ ಸ್ಟೂಲಿನ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತ ಟೆಲಿಫೋನು ಟ್ರಿಣ್ ಟ್ರಿಣ್ ಎನ್ನುತ್ತಿತ್ತು. ಫ್ಯಾನು ನಿಂತಿದೆ, ದೀಪ ಆರಿದೆ, ಫೋನು ಮಾತ್ರ ಬದುಕಿದೆ!

ಇಂದು ಅದೇ ಮಳೆ, ಅದೇ ಮಡಲು. ಕರೆಂಟು ಹೋದ ಕ್ಷಣದಲ್ಲೇ ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯ ಹಸಿರು ದೀಪಗಳು ಕಣ್ಣು ಮುಚ್ಚುತ್ತವೆ. ಅದಕ್ಕೆ ಜೋಡಿಸಿದ ಫೋನೂ ಮೂಕವಾಗುತ್ತದೆ. ಆಗ ಮೊಮ್ಮಗಳು ಕೇಳುತ್ತಾಳೆ: “ಅಜ್ಜ, ಹಿಂದೆ ಕರೆಂಟು ಹೋದರೂ ಫೋನ್ ಹೇಗೆ ನಡೀತಿತ್ತು?” ಅಜ್ಜ ಹೇಳುತ್ತಾರೆ: “ಅದಕ್ಕೆ ಕರೆಂಟೇ ಬೇಡ ಮಗಾ.”

ಅಜ್ಜನ ಉತ್ತರ ಸರಿಯೇ? ಅಲ್ಲ. ಆ ಫೋನಿಗೂ ಕರೆಂಟು ಬೇಕಿತ್ತು. ಆದರೆ ಅದು ಮನೆಯ ಪ್ಲಗ್ಗಿನಿಂದ ಬರುತ್ತಿರಲಿಲ್ಲ, ಅಷ್ಟೆ. ಮಾತು ಬರುವ ತಂತಿಯಲ್ಲೇ ಮಾತಿನ ಜೊತೆಗೆ, ಪ್ರಯಾಣಿಕನ ಕಂಕುಳಲ್ಲಿನ ಬುತ್ತಿಯಂತೆ, ಬರುತ್ತಿತ್ತು. ನಡುವೆ ಮರೆತುಹೋದ ಆ ಹಳೆಯ ಉಪಾಯ ಈಗ ಹೊಸ ವೇಷದಲ್ಲಿ ಮರಳಿ ಬಂದಿದೆ. ವೇಷ ಯಾವುದು ಗೊತ್ತೆ? ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನೆಲದುದ್ದಕ್ಕೂ ಹರಿದಿರುವ ನೀಲಿಯದೋ ಬೂದಿಯದೋ ಬಣ್ಣದ ನೆಟ್‌ವರ್ಕ್ ಕೇಬಲ್ಲು.

ಹಳೆಯ ಫೋನಿನ ಗುಟ್ಟು

ಟೆಲಿಫೋನ್ ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ ದೊಡ್ಡ ದೊಡ್ಡ ಬ್ಯಾಟರಿಗಳ ಸಾಲು ಇರುತ್ತದೆ. ಎಲ್ಲವೂ ಸೇರಿ 48 ವೋಲ್ಟ್. ಊರಿನ ಕರೆಂಟು ಹೋದರೂ ಅವುಗಳಲ್ಲಿ ತುಂಬಿಟ್ಟ ವಿದ್ಯುತ್ತು ಇರುತ್ತದೆ. ಅದು ತೀರುವ ಮೊದಲು ಡೀಸೆಲ್ ಜನರೇಟರು ಓಡುತ್ತದೆ. ಅಲ್ಲಿಂದ ಪ್ರತಿ ಮನೆಗೂ ಎರಡು ತಾಮ್ರದ ಎಳೆಗಳು. ನೀವು ರಿಸೀವರ್ ಎತ್ತಿದೊಡನೆ ವಿದ್ಯುನ್ಮಂಡಲ ಪೂರ್ತಿಯಾಗಿ ಸಣ್ಣ ಪ್ರವಾಹವೊಂದು ಹರಿಯತೊಡಗುತ್ತದೆ. ನೀವು “ಹಲೋ” ಎಂದಾಗ ಬಾಯ ಬಳಿಯ ಮೈಕು ಆ ಪ್ರವಾಹವನ್ನೇ ಹೆಚ್ಚು ಕಡಿಮೆ ಮಾಡುತ್ತದೆ. ಆ ಏರಿಳಿತವೇ ನಿಮ್ಮ ದನಿ. ಏರಿಳಿತಕ್ಕೆ ಆಧಾರವಾದ ಪ್ರವಾಹವೇ ಅದರ ಬುತ್ತಿ.

ಇಲ್ಲಿ ಇನ್ನೊಂದು ಜಾಣತನವೂ ಇದೆ. ಎಕ್ಸ್‌ಚೇಂಜಿನ ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಜೋಡಿಸುತ್ತಾರೆ, ಋಣ ತುದಿಯನ್ನಲ್ಲ. ಒದ್ದೆ ಮಣ್ಣಿನಲ್ಲಿ ಧನ ವೋಲ್ಟೇಜಿನ ತಾಮ್ರ ಕರಗುತ್ತಾ ಸವೆಯುತ್ತದೆ, ಋಣ ವೋಲ್ಟೇಜಿನದು ಉಳಿಯುತ್ತದೆ. ನಿಮ್ಮ ರಸಾಯನಶಾಸ್ತ್ರ ಪುಸ್ತಕದ ವಿದ್ಯುದ್ವಿಭಜನೆಯ ಪಾಠವನ್ನು ನೆನಪಿಸಿಕೊಳ್ಳಿ. ಆರು ತಿಂಗಳು ಮಣ್ಣು ಒದ್ದೆಯಾಗಿರುವ ಕರಾವಳಿಯಲ್ಲಿ ನೆಲದಡಿಯ ತಂತಿಗಳು ವರ್ಷಾನುಗಟ್ಟಲೆ ಬಾಳಿದ್ದಕ್ಕೆ ಈ ಉಪಾಯದ ಪಾಲೂ ಉಂಟು.

ಹಾಗಾದರೆ ಇಂದಿನ ಫೋನು ಏಕೆ ಸಾಯುತ್ತದೆ? ಹಲವು ಕಡೆ ತಾಮ್ರದ ಜಾಗಕ್ಕೆ ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್ ಬಂದಿದೆ. ಅದು ಬೆಳಕನ್ನು ಒಯ್ಯುತ್ತದೆ, ತಾಮ್ರಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಮಾಹಿತಿಯನ್ನೂ ಒಯ್ಯುತ್ತದೆ. ಆದರೆ ಗಾಜು ವಿದ್ಯುತ್ತಿನ ವಾಹಕವಲ್ಲ. ಮಾತು ಬಂತು, ಬುತ್ತಿ ಬರಲಿಲ್ಲ. ಬುತ್ತಿಗೆ ಮನೆಯ ಪ್ಲಗ್ಗೇ ಗತಿ.

ಎಂಟು ಎಳೆ, ನಾಲ್ಕು ಹೊಸೆತ

ನೆಟ್‌ವರ್ಕ್ ಕೇಬಲ್ಲಿನ ಹೊರಗವಚ ಬಿಡಿಸಿದರೆ ಒಳಗೆ ಎಂಟು ಎಳೆಗಳು: ನೀಲಿ, ಕಿತ್ತಳೆ, ಹಸಿರು, ಕಂದು, ಮತ್ತು ಪ್ರತಿಯೊಂದಕ್ಕೂ ಒಂದು ಬಿಳಿ ಪಟ್ಟೆಯ ಸಂಗಾತಿ. ಒಟ್ಟು ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಹಗ್ಗದಂತೆ ಹೊಸೆದಿರುತ್ತಾರೆ. ಹೀಗೆ ಜೋಡಿ ಎಳೆಗಳನ್ನು ಹೊಸೆಯುವ ಉಪಾಯಕ್ಕೆ 1881ರಷ್ಟು ಹಿಂದೆಯೇ ಪೇಟೆಂಟ್ ಪಡೆದವನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನೇ.

ಹೊಸೆಯುವುದು ಯಾಕೆ? ಪಕ್ಕದಲ್ಲಿ ಒಂದು ಮಿಕ್ಸಿಯೋ ಟ್ಯೂಬ್‌ಲೈಟಿನ ಚೋಕೋ ಇದ್ದರೆ ಅದರ ವಿದ್ಯುತ್ ಗದ್ದಲ ತಂತಿಗೂ ಅಂಟುತ್ತದೆ. ಹೊಸೆದ ಎಳೆಗಳು ಅಡಿಗಡಿಗೆ ಜಾಗ ಬದಲಿಸಿಕೊಳ್ಳುವುದರಿಂದ ಗದ್ದಲ ಎರಡಕ್ಕೂ ಸಮಸಮನಾಗಿ ತಗಲುತ್ತದೆ. ಆಚೆ ತುದಿಯ ಯಂತ್ರ ನೋಡುವುದು ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಎರಡಕ್ಕೂ ಸಮನಾಗಿ ತಗಲಿದ್ದು ಕಳೆಯುವ ಲೆಕ್ಕದಲ್ಲಿ ಸೊನ್ನೆಯಾಗಿಬಿಡುತ್ತದೆ.

ವಿದ್ಯುತ್ತನ್ನು ತೂರಿಸುವ ಬಾಗಿಲೂ ಇಲ್ಲಿಯೇ ಇದೆ. ಮಂಗಳೂರಿನ ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಹೋಗುವವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ದಕ್ಕೆಯಲ್ಲಿ ಎರಡು ದೋಣಿಗಳು ಮಗ್ಗುಲಿಗೆ ಮಗ್ಗುಲು ನಿಂತಿವೆ ಎನ್ನಿ. ಸಮುದ್ರದ ಉಬ್ಬರ ಬಂದರೆ ಎರಡೂ ಒಟ್ಟಿಗೇ ಮೇಲೇರುತ್ತವೆ. ಒಂದರಲ್ಲಿ ಕುಳಿತು ಇನ್ನೊಂದನ್ನು ನೋಡುವವನಿಗೆ ಏನೂ ಬದಲಾದಂತೆ ಕಾಣದು. ಆದರೆ ಯಾರಾದರೂ ಒಂದು ದೋಣಿಗೆ ಕಾಲಿಟ್ಟರೆ ಅದು ಕೊಂಚ ತಗ್ಗುತ್ತದೆ; ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಮಾಹಿತಿಯೆಂದರೆ ಹೀಗೆ ಒಂದು ದೋಣಿ ತಗ್ಗುವುದು. ವಿದ್ಯುತ್ತು ಎಂದರೆ ಉಬ್ಬರ. ಒಂದು ಜೋಡಿಯ ಎರಡೂ ಎಳೆಗಳಿಗೆ ಧನ ವೋಲ್ಟೇಜ್ ಕೊಟ್ಟು ಉಬ್ಬರ ಮಾಡುತ್ತಾರೆ, ಇನ್ನೊಂದು ಜೋಡಿಯ ಎರಡೂ ಎಳೆಗಳನ್ನು ಋಣಕ್ಕೆ ಕಟ್ಟಿ ಇಳಿತ ಮಾಡುತ್ತಾರೆ. ಒಂದೇ ಜೋಡಿಯೊಳಗೆ ನೋಡಿದರೆ ವ್ಯತ್ಯಾಸವಿಲ್ಲ, ಮಾಹಿತಿಗೆ ತೊಂದರೆಯಿಲ್ಲ. ಜೋಡಿಗೂ ಜೋಡಿಗೂ ನಡುವೆ ವ್ಯತ್ಯಾಸವಿದೆ, ಅದರಿಂದ ಆಚೆ ತುದಿಯ ಉಪಕರಣ ನಡೆಯುತ್ತದೆ. ಎರಡನ್ನೂ ಬೇರ್ಪಡಿಸಲು ಕೇಬಲ್ಲಿನ ಎರಡೂ ತುದಿಗಳಲ್ಲಿ ಪುಟ್ಟ ಪರಿವರ್ತಕಗಳು ಇರುತ್ತವೆ. ವೇಗವಾಗಿ ಬದಲಾಗುವ ಸಂಕೇತ ಅದನ್ನು ದಾಟಿ ಹೋಗುತ್ತದೆ. ನೇರ ಪ್ರವಾಹ ದಾಟಲಾರದೆ ಪರಿವರ್ತಕದ ಸುರುಳಿಯ ನಡುಬಿಂದುವಿನಿಂದ ಹೊರಗೆ ಬರುತ್ತದೆ.

ರೇಡಿಯೊದವರಿಗೆ ಇದು ಹಳೆಯ ಪರಿಚಯ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯಿಂದ ಹಿಡಿದು ಸಂತ ಅಲೋಶಿಯಸ್ ಕಾಲೇಜಿನ ಸಮುದಾಯ ಬಾನುಲಿ ‘ರೇಡಿಯೊ ಸಾರಂಗ್’ವರೆಗೆ, ಈ ಊರಿನ ಮಕ್ಕಳಿಗೆ ಸ್ಟುಡಿಯೊ ಹೊಸತಲ್ಲ. ಸ್ಟುಡಿಯೊಗಳಲ್ಲಿ ಬಳಸುವ ಕಂಡೆನ್ಸರ್ ಮೈಕಿಗೆ ವಿದ್ಯುತ್ತು ಬೇಕು. ಅದನ್ನು ಮೈಕಿನ ತಂತಿಯಲ್ಲೇ ಎರಡೂ ಎಳೆಗಳ ಮೇಲೆ ಸಮನಾಗಿ ಕಳಿಸುತ್ತಾರೆ. ಇದಕ್ಕೆ ‘ಫ್ಯಾಂಟಮ್ ಪವರ್’ ಎಂದು ಹೆಸರು. ಇದ್ದೂ ಕಾಣದ ಮಾಯಾರೂಪಿ ಶಕ್ತಿ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿಗಾಗಿ ಇಂಥ ಮೈಕು ಮಾಡಿಕೊಟ್ಟಿತು. ಆ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇದ್ದುದರಿಂದ ಮೈಕಿಗೂ ಅದೇ ಗಟ್ಟಿಯಾಯಿತು.

ನಲವತ್ತೆಂಟು ಏಕೆ?

ಫೋನಿಗೆ 48, ಮೈಕಿಗೆ 48, ನೆಟ್‌ವರ್ಕ್ ಕೇಬಲ್ಲಿಗೂ ಹೆಚ್ಚು ಕಡಿಮೆ 48. ಏನಿದು ಈ ಸಂಖ್ಯೆಯ ಮಹಿಮೆ? ಒಂದು ಲೆಕ್ಕ ಮಾಡಿ ನೋಡೋಣ, ಕಾಗದ ಪೆನ್ಸಿಲು ತೆಗೆದುಕೊಳ್ಳಿ.

ನೂರು ಮೀಟರ್ ಕೇಬಲ್ಲಿನ ಆಚೆ ತುದಿಗೆ 12 ವಾಟ್ ಶಕ್ತಿ ಕಳಿಸಬೇಕು. ಹೋಗಲು ಒಂದು ಜೋಡಿ, ಮರಳಲು ಒಂದು ಜೋಡಿ; ಒಟ್ಟು ರೋಧ ಸುಮಾರು 9 ಓಮ್ ಎಂದಿಟ್ಟುಕೊಳ್ಳಿ. 12 ವೋಲ್ಟ್‌ನಲ್ಲಿ ಕಳಿಸಿದರೆ 1 ಆಂಪಿಯರ್ ಪ್ರವಾಹ ಬೇಕು. ಓಮನ ನಿಯಮದ ಪ್ರಕಾರ ದಾರಿಯಲ್ಲೇ 9 ವೋಲ್ಟ್ ಸೋರಿಹೋಗುತ್ತದೆ. ತಲುಪುವುದು ಬರೀ 3 ವೋಲ್ಟ್! ಕಳಿಸಿದ 12 ವಾಟ್‌ನಲ್ಲಿ 9 ವಾಟ್ ತಂತಿಯನ್ನು ಬಿಸಿ ಮಾಡಲಿಕ್ಕೇ ಖರ್ಚು. ಅದನ್ನೇ 48 ವೋಲ್ಟ್‌ನಲ್ಲಿ ಕಳಿಸಿದರೆ ಕಾಲು ಆಂಪಿಯರ್ ಸಾಕು. ಸೋರುವುದು ಎರಡೂಕಾಲು ವೋಲ್ಟ್. ನಷ್ಟ ಅರ್ಧ ವಾಟ್‌ಗಿಂತ ತುಸು ಹೆಚ್ಚು. ವೋಲ್ಟೇಜು ನಾಲ್ಕು ಪಟ್ಟು ಏರಿದರೆ ನಷ್ಟ ಹದಿನಾರು ಪಟ್ಟು ಇಳಿಯುತ್ತದೆ. ವಿದ್ಯುತ್ ಕಂಪನಿಗಳು ಲಕ್ಷಗಟ್ಟಲೆ ವೋಲ್ಟ್‌ನಲ್ಲಿ ವಿದ್ಯುತ್ತು ಸಾಗಿಸುವುದೂ ಇದೇ ಲೆಕ್ಕಕ್ಕೆ.

ಹಾಗಿದ್ದರೆ 48 ಏಕೆ, 230 ಏಕಲ್ಲ? ಮುಟ್ಟಿದರೆ ಜೀವಕ್ಕೆ ಅಪಾಯವಾಗಬಾರದಲ್ಲ! ಒಣ ಕೈಗೆ 60 ವೋಲ್ಟಿನೊಳಗಿನ ನೇರ ವಿದ್ಯುತ್ತು ಸಾಮಾನ್ಯವಾಗಿ ಪ್ರಾಣಾಂತಿಕವಲ್ಲ. ನಷ್ಟವೂ ಕಡಿಮೆ, ಅಪಾಯವೂ ಕಡಿಮೆ ಎನ್ನುವ ನಡುದಾರಿಯೇ 48. ಹನ್ನೆರಡು ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಕಟ್ಟಿದರೆ ಸಿಗುವುದೂ ಅಷ್ಟೇ.

ಎಲೆ ನೋಡಿ ಬಡಿಸುವ ಪದ್ಧತಿ

ನೆಟ್‌ವರ್ಕ್ ಕೇಬಲ್ಲಿನಲ್ಲಿ ವಿದ್ಯುತ್ತು ಕಳಿಸುವುದಕ್ಕೆ ಮೊದಲ ಅಂತರರಾಷ್ಟ್ರೀಯ ಮಾನಕ ಬಂದದ್ದು 2003ರಲ್ಲಿ. ಆಗ ಕಳಿಸುವ ತುದಿಯಲ್ಲಿ ಗರಿಷ್ಠ 15.4 ವಾಟ್. 2009ರಲ್ಲಿ ಅದು 30 ವಾಟ್ ಆಯಿತು. 2018ರಲ್ಲಿ ನಾಲ್ಕೂ ಜೋಡಿಗಳನ್ನು ಬಳಸಿ 90 ವಾಟ್‌ಗೆ ಏರಿತು; ನೂರು ಮೀಟರ್ ದಾಟಿ ತಲುಪುವುದು ಅದರಲ್ಲಿ 71 ವಾಟ್‌ನಷ್ಟು. ಇದಕ್ಕೆ ‘ಪವರ್ ಓವರ್ ಈಥರ್ನೆಟ್’, ಚಿಕ್ಕದಾಗಿ ಪಿಒಇ ಎನ್ನುತ್ತಾರೆ.

ಆದರೆ ಆ ತೂತಿಗೆ ಯಾರು ಏನನ್ನು ಚುಚ್ಚುತ್ತಾರೋ ಯಾರಿಗೆ ಗೊತ್ತು? ವಿದ್ಯುತ್ತು ಬೇಡದ ಹಳೆಯ ಕಂಪ್ಯೂಟರಿಗೆ 48 ವೋಲ್ಟ್ ಹೊಕ್ಕರೆ ಗತಿಯೇನು? ಮಾನಕ ಬರೆದವರು ಅದನ್ನೂ ಯೋಚಿಸಿದ್ದಾರೆ. ಊಟದ ಪಂಕ್ತಿಯಲ್ಲಿ ಬಡಿಸುವವರು ಎಲೆ ಹಾಕಿದೆಯೇ, ಎಲೆಯ ಮುಂದೆ ಜನ ಕುಳಿತಿದ್ದಾರೆಯೇ ಎಂದು ನೋಡಿಯೇ ಅನ್ನ ಹಾಕುವುದಲ್ಲವೇ? ಇಲ್ಲೂ ಹಾಗೆಯೇ. ಕಳಿಸುವ ಪೆಟ್ಟಿಗೆ ಮೊದಲು ಹತ್ತು ವೋಲ್ಟಿನೊಳಗಿನ ಸಣ್ಣ ವೋಲ್ಟೇಜು ಕೊಟ್ಟು ಆಚೆ ತುದಿಯನ್ನು ತಟ್ಟಿ ನೋಡುತ್ತದೆ. ಅಲ್ಲಿ ಸುಮಾರು 25 ಸಾವಿರ ಓಮ್ ರೋಧ ಕಂಡರೆ ಮಾತ್ರ ‘ಇವರು ಊಟಕ್ಕೆ ಬಂದವರು’ ಎಂದು ತಿಳಿಯುತ್ತದೆ. ಬಳಿಕ ಎಷ್ಟು ಹಸಿವು ಎಂದು ವಿಚಾರಿಸುತ್ತದೆ. ಆಮೇಲಷ್ಟೇ ಪೂರ್ಣ ವೋಲ್ಟೇಜು. ಕೇಬಲ್ಲು ಕಿತ್ತರೆ ಅರೆಕ್ಷಣದಲ್ಲಿ ಬಡಿಸುವುದು ನಿಲ್ಲುತ್ತದೆ.

ಪೇಟೆಯಲ್ಲಿ ಇನ್ನೊಂದು ಬಗೆಯ ಅಗ್ಗದ ಪೆಟ್ಟಿಗೆಗಳೂ ಸಿಗುತ್ತವೆ. ಅವು ಎಲೆ ನೋಡುವುದಿಲ್ಲ, ಕೇಳುವುದಿಲ್ಲ, ಸುರಿಯುವುದೊಂದೇ ಗೊತ್ತು. ಇವಕ್ಕೆ ‘ಪ್ಯಾಸಿವ್’ ಎಂಬ ಹೆಸರಿದೆ. ತಕ್ಕ ಉಪಕರಣದ ಜೊತೆ ಇದ್ದರೆ ಸರಿ. ತಪ್ಪಿ ಇನ್ನೊಂದಕ್ಕೆ ಚುಚ್ಚಿದರೆ ಹೊಗೆ. ಅದೇ ಆಕಾರದ ತೂತು ಇರುವ ಕೆಲವು ಇಂಟರ್‌ಕಾಮ್‌ಗಳಲ್ಲಿ ಎಳೆಗಳ ಜೋಡಣೆಯೇ ಬೇರೆ. ತೂತು ಒಂದೇ ಎಂದ ಮಾತ್ರಕ್ಕೆ ಒಳಗಿನ ವ್ಯವಹಾರ ಒಂದೇ ಎಂದು ನಂಬಬಾರದು.

ದನಿ ಅಂಕೆಯಾದಾಗ

ಇನ್ನು ಮಾತಿನ ಕಡೆಗೆ ಬರೋಣ. ಹಳೆಯ ಫೋನಿನಲ್ಲಿ ದನಿ ಏರಿಳಿಯುವ ಪ್ರವಾಹವಾಗಿ ಹೋಗುತ್ತಿತ್ತು. ನೆಟ್‌ವರ್ಕ್ ಕೇಬಲ್ಲಿನಲ್ಲಿ ಅದು ಅಂಕೆಗಳಾಗಿ ಹೋಗುತ್ತದೆ. ಮೈಕಿನಿಂದ ಬಂದ ತರಂಗದ ಎತ್ತರವನ್ನು ಒಂದು ಸೆಕೆಂಡಿಗೆ 48,000 ಬಾರಿ ಅಳೆದು, ಪ್ರತಿ ಅಳತೆಯನ್ನೂ ಸೊನ್ನೆ ಒಂದುಗಳ 24 ಮನೆಗಳಲ್ಲಿ ಬರೆಯುತ್ತಾರೆ. ಗುಣಿಸಿ ನೋಡಿ: ಒಂದು ಮೈಕಿಗೆ ಸೆಕೆಂಡಿಗೆ 11,52,000 ಅಂಕೆಗಳು. ಮೂವತ್ತೆರಡು ಮೈಕಿಗೆ ಮೂರೂಮುಕ್ಕಾಲು ಕೋಟಿಗೆ ತುಸು ಕಡಿಮೆ. ಅಬ್ಬಾ ಎನಿಸಿತೆ? ಇಂದಿನ ಸಾಮಾನ್ಯ ನೆಟ್‌ವರ್ಕ್ ಕೇಬಲ್ಲು ಸೆಕೆಂಡಿಗೆ ನೂರು ಕೋಟಿ ಅಂಕೆಗಳನ್ನು ಒಯ್ಯಬಲ್ಲದು. ಹಿಂದೆ ಮೂವತ್ತೆರಡು ಮೈಕಿಗೆ ಮೂವತ್ತೆರಡು ಜೋಡಿ ತಂತಿಯ, ಹೆಬ್ಬಾವಿನಂಥ ಕೇಬಲ್ಲನ್ನು ಇಬ್ಬರು ಹೊತ್ತು ತರಬೇಕಿತ್ತು. ಈಗ ಕಿರುಬೆರಳಿನಷ್ಟು ದಪ್ಪದ ಒಂದು ಸಾಕು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಈಥರ್ನೆಟ್ ಹುಟ್ಟಿದ್ದು 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ, ಕಂಪ್ಯೂಟರುಗಳ ನಡುವಿನ ಮಾತುಕತೆಗೆಂದು. ಅದರ ಮೇಲೆ ದನಿಯನ್ನು ಸಾಗಿಸುವ ‘ಕೋಬ್ರಾನೆಟ್’ 1996ರಲ್ಲಿ ಬಂತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2006ರಲ್ಲಿ ಆರಂಭವಾದ ಒಂದು ಕಂಪನಿಯ ‘ಡಾಂಟೆ’ ಆಮೇಲೆ ಹೆಚ್ಚು ಹೆಸರಾಯಿತು. ಬೇರೆ ಬೇರೆ ಕಂಪನಿಗಳ ಉಪಕರಣಗಳೂ ತಮ್ಮೊಳಗೆ ಮಾತಾಡಿಕೊಳ್ಳಲೆಂದು ‘ಎಇಎಸ್67’ ಎಂಬ ಮಾನಕ 2013ರಲ್ಲಿ ಹೊರಟಿತು.

ಇಲ್ಲೊಂದು ಸೂಕ್ಷ್ಮವಿದೆ. ಮೈಕಿನ ಗಡಿಯಾರ ಸೆಕೆಂಡಿಗೆ 48,001 ಎಣಿಸಿ, ಸ್ಪೀಕರಿನದು 48,000 ಎಣಿಸಿದರೆ? ಪ್ರತಿ ಸೆಕೆಂಡಿಗೂ ಒಂದು ಅಂಕೆ ಹೆಚ್ಚಾಗಿ ಉಳಿದು, ಕಡೆಗೆ ಟಕ್ ಎಂಬ ಅಪಸ್ವರವಾಗುತ್ತದೆ. ಯಕ್ಷಗಾನ ನೋಡಿದವರಿಗೆ ಪರಿಹಾರ ಹೇಳಿಕೊಡಬೇಕಾಗಿಲ್ಲ. ಚೆಂಡೆಯವರಿಗೆ ಚೆಂಡೆಯವರದೇ ತಾಳ, ಮದ್ದಳೆಯವರಿಗೆ ಅವರದೇ ತಾಳವಾದರೆ ಆಟ ನಡೆದೀತೇ? ಭಾಗವತರ ಕೈಯ ಜಾಗಟೆಯೇ ಎಲ್ಲರಿಗೂ ಪ್ರಮಾಣ. ನೆಟ್‌ವರ್ಕಿನಲ್ಲೂ ಒಂದು ಉಪಕರಣ ಭಾಗವತನಾಗುತ್ತದೆ; ಉಳಿದವು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಅದಕ್ಕೆ ತಮ್ಮ ಗಡಿಯಾರ ಹೊಂದಿಸಿಕೊಳ್ಳುತ್ತವೆ. ಈ ಕ್ರಮಕ್ಕೆ 2002ರಿಂದ ಒಂದು ಮಾನಕವಿದೆ.

ಅಂಕೆಯಾದ ದನಿಯಿಂದ ಇನ್ನೊಂದು ಲಾಭ. ಬಯಲಾಟದ ಮೈದಾನದಲ್ಲಿ ರಂಗಸ್ಥಳದಿಂದ 34 ಮೀಟರ್ ದೂರದ ಕಂಬಕ್ಕೆ ಒಂದು ಸ್ಪೀಕರು ಕಟ್ಟಿದ್ದಾರೆ ಎನ್ನಿ. ತಂತಿಯಲ್ಲಿ ದನಿ ಅಲ್ಲಿಗೆ ಕಣ್ಣು ಮಿಟುಕಿಸುವುದರೊಳಗೆ ತಲುಪುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ರಂಗಸ್ಥಳದ ನಿಜವಾದ ದನಿ ಬರಲು ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ಕಂಬದ ಬಳಿ ಕುಳಿತವರಿಗೆ ಒಂದೇ ಮಾತು ಎರಡು ಸಲ ಕೇಳಿ ಕಲಸುಮೇಲೋಗರ. ಅಂಕೆಗಳನ್ನು ಅಷ್ಟೇ ಹೊತ್ತು ತಡೆಹಿಡಿದು ಬಿಟ್ಟರೆ ಎರಡೂ ಒಟ್ಟಿಗೆ ಕಿವಿ ಸೇರುತ್ತವೆ.

ಶಾಲೆಗೆ ಇದರಿಂದ ಏನು?

ಹೆಚ್ಚಿನ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಒಂದು ಆಂಪ್ಲಿಫೈಯರು, ಅಲ್ಲಿಂದ ಜಗಲಿಯುದ್ದಕ್ಕೂ ತಂತಿ, ತಂತಿಯ ತುದಿಗೆ ಹಾರ್ನು. ಪ್ರಾರ್ಥನೆ, ಪ್ರಕಟಣೆ ಎಲ್ಲ ಅದರಲ್ಲೇ. ಅಗ್ಗ, ಗಟ್ಟಿಮುಟ್ಟು, ದುರಸ್ತಿಯೂ ಸುಲಭ. ಚೆನ್ನಾಗಿ ನಡೆಯುತ್ತಿದ್ದರೆ ಕಿತ್ತೆಸೆಯುವ ಅಗತ್ಯವೇನೂ ಇಲ್ಲ. ಆದರೆ ಅದರಲ್ಲಿ ಒಂದು ತರಗತಿಗೆ ಮಾತ್ರ ಮಾತಾಡುವುದು ಕಷ್ಟ, ಆ ತರಗತಿಯಿಂದ ಮರುದನಿ ಬರುವಂತೆಯೂ ಇಲ್ಲ. ನೆಟ್‌ವರ್ಕ್ ಸ್ಪೀಕರಿನಲ್ಲಿ ಹಾಗಲ್ಲ. ಪ್ರತಿಯೊಂದಕ್ಕೂ ಮನೆ ನಂಬರಿನಂತೆ ಒಂದು ವಿಳಾಸವಿದೆ. ಎಂಟನೇ ತರಗತಿಗೆ ಮಾತ್ರ ಹೇಳಬಹುದು, ಎಲ್ಲರಿಗೂ ಹೇಳಬಹುದು; ಮೈಕು ಇದ್ದರೆ ಅಲ್ಲಿಂದ ಕೇಳಿಸಿಕೊಳ್ಳಲೂಬಹುದು.

ಅದಕ್ಕಿಂತ ಮುಖ್ಯವಾದುದು ಆಪತ್ತಿನ ಹೊತ್ತು. ಮಳೆಗಾಲದ ಒಂದು ಮಧ್ಯಾಹ್ನ ರೆಡ್ ಅಲರ್ಟ್ ಬಂತು, ಮಕ್ಕಳನ್ನು ಬೇಗ ಕಳಿಸಬೇಕು, ಅಥವಾ ಹೊಳೆ ಉಕ್ಕಿದೆ, ಯಾರೂ ಹೊರಗೆ ಕಾಲಿಡಬಾರದು. ಮಾಡಿನ ಮೇಲೆ ಮಳೆ ಭೋರೆನ್ನುವಾಗ ಟೀಚರ ದನಿ ಕೊನೆಯ ಬೆಂಚಿಗೇ ಕೇಳದು. ಸರಿಯಾಗಿ ಆಗಲೇ ಕರೆಂಟು ಕೈಕೊಡುತ್ತದೆ. ಪ್ರತಿ ತರಗತಿಯ ಸ್ಪೀಕರಿಗೂ ಅಲ್ಲಲ್ಲಿನ ಪ್ಲಗ್ಗೇ ಆಧಾರವಾಗಿದ್ದರೆ ಇಪ್ಪತ್ತೂ ಮೂಕ. ಬುತ್ತಿ ಕೇಬಲ್ಲಿನಲ್ಲೇ ಬರುತ್ತಿದ್ದರೆ ಒಂದೇ ಕಡೆ ಬ್ಯಾಟರಿ ಇಟ್ಟರೆ ಸಾಕು. ಲೆಕ್ಕ ನೋಡಿ: 20 ಸ್ಪೀಕರು, ತಲಾ 10 ವಾಟ್, ಒಟ್ಟು 200 ವಾಟ್. ಮನೆಯ ಇನ್ವರ್ಟರಿಗೆ ಹಾಕುವಂಥ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವಾಟ್-ಅವರ್ ಇರುತ್ತದೆ. ಕಾಗದದ ಮೇಲೆ ಒಂಬತ್ತು ತಾಸು. ಸೋರಿಕೆ ಕಳೆದು, ಬ್ಯಾಟರಿಯನ್ನು ಪೂರಾ ಬರಿದು ಮಾಡಬಾರದೆಂಬ ನಿಯಮವನ್ನೂ ಸೇರಿಸಿ ಅರ್ಧವೆಂದರೂ ನಾಲ್ಕು ತಾಸಿಗೆ ಮೋಸವಿಲ್ಲ. ಎಕ್ಸ್‌ಚೇಂಜಿನವರು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ?

ಮೈಕಾಸುರನ ಕಾಟದಿಂದ ಬೇಸತ್ತವರಿಗೂ ಇಲ್ಲೊಂದು ಸಮಾಧಾನ. ಒಂದೇ ಹಾರ್ನು ಇಡೀ ಶಾಲೆಗೆ ಕೇಳಬೇಕೆಂದರೆ ಅದು ಪಕ್ಕದ ಓಣಿಗೂ ಕೇಳಲೇಬೇಕು. ಕೇಳುವವರ ಹತ್ತಿರವೇ ಸಣ್ಣ ಸಣ್ಣ ಸ್ಪೀಕರು ಇದ್ದರೆ ಮೆಲುದನಿಯೇ ಸಾಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಿಂದ ಇದೆ. ನಿಯಮ ಇಲ್ಲದ ಹೊತ್ತಿನಲ್ಲೂ ನೆರೆಯವರ ಕಿವಿಯ ಬಗ್ಗೆ ಮರ್ಯಾದೆ ಇರಬೇಕಲ್ಲ!

ಎಚ್ಚರಿಕೆಯ ನಾಲ್ಕು ಮಾತು

ಇಷ್ಟೆಲ್ಲ ಹೇಳಿ ಕುಂದುಕೊರತೆ ಮುಚ್ಚಿಟ್ಟರೆ ಸರಿಯಾಗದು. ಊರಿಗೆಲ್ಲ ಒಂದೇ ಬಾವಿ ಎಂದರೆ ಆ ಬಾವಿಯನ್ನು ಶುಚಿಯಾಗಿ ಇಟ್ಟುಕೊಳ್ಳಲೇಬೇಕು. ನಡುವಿನ ಪೆಟ್ಟಿಗೆ ಅಥವಾ ಬ್ಯಾಟರಿ ಕೆಟ್ಟರೆ ಇಪ್ಪತ್ತೂ ಸ್ಪೀಕರು ಒಟ್ಟಿಗೇ ಬಾಯಿ ಮುಚ್ಚುತ್ತವೆ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ ಬೇಕೆಂದೇ ಮೇನ್ ಸ್ವಿಚ್ಚು ಆಫ್ ಮಾಡಿ ಎಷ್ಟು ಹೊತ್ತು ನಡೆಯುತ್ತದೆಂದು ನೋಡಬೇಕು.

ಎರಡನೆಯದು ಸಿಡಿಲು. ಕರಾವಳಿಯಲ್ಲಿ ಮುಂಗಾರಿಗೆ ಮೊದಲು ಏಪ್ರಿಲ್-ಮೇ, ಆಮೇಲೆ ಅಕ್ಟೋಬರ್-ನವೆಂಬರ್ ಗುಡುಗು ಸಿಡಿಲಿನ ಕಾಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಎಳೆದ ತಾಮ್ರದ ಕೇಬಲ್ಲು ಅದಕ್ಕೆ ಹೇಳಿ ಮಾಡಿಸಿದ ದಾರಿ. ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಎಳೆ, ಕಟ್ಟಡದ ಒಳಗೆ ತಾಮ್ರ: ಇದು ಜಾಣರ ಕ್ರಮ. ಆಗ ಪ್ರತಿ ಕಟ್ಟಡಕ್ಕೂ ಒಂದೊಂದು ಬ್ಯಾಟರಿ ಬೇಕಾಗುತ್ತದೆ. ತಾಮ್ರದ ಓಟ ಹೇಗೂ ನೂರು ಮೀಟರಿಗೆ ಮುಗಿಯುತ್ತದೆ.

ಮೂರನೆಯದು ನಕಲಿ ತಾಮ್ರ. ಒಳಗೆ ಅಲ್ಯುಮಿನಿಯಂ, ಮೇಲೆ ತಾಮ್ರದ ತೆಳು ಲೇಪ ಇರುವ ಕೇಬಲ್ಲು ಅಗ್ಗಕ್ಕೆ ಸಿಗುತ್ತದೆ. ಅದರ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿನಷ್ಟು. ಮೇಲಿನ ಲೆಕ್ಕದಲ್ಲಿ 9ರ ಜಾಗಕ್ಕೆ 14 ಹಾಕಿ ನೋಡಿ, ನಷ್ಟವೂ ಬಿಸಿಯೂ ಎಷ್ಟು ಏರುತ್ತದೆಂದು ತಿಳಿಯುತ್ತದೆ. ಕಟ್ಟು ಕಟ್ಟಿ ಪೈಪಿನೊಳಗೆ ತುರುಕಿದ ಇಂಥ ತಂತಿಗಳು ಕೆಟ್ಟದಾಗಿ ಬಿಸಿಯಾಗಬಲ್ಲವು. ಉಪ್ಪುಗಾಳಿ ಸೇರಿದರೆ ತುದಿಗಳು ಬೇಗ ಕಿಲುಬು ಹಿಡಿಯುತ್ತವೆ.

ನಾಲ್ಕನೆಯದು ನೀರು. ಹೊರಗಿನಿಂದ ಬರುವ ಕೇಬಲ್ಲು ಗೋಡೆಯ ತೂತು ಹೊಗುವ ಮೊದಲು ಕೆಳಗೆ ಬಾಗಿ ಮತ್ತೆ ಮೇಲೇರಬೇಕು. ಆಗ ಮಳೆನೀರು ಬಾಗಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಇಲ್ಲವಾದರೆ ತಂತಿಯ ಮೇಲೆ ಜಾರಿ ನೇರ ಪೆಟ್ಟಿಗೆಯೊಳಗೆ. ಹಾಗೆಯೇ 230 ವೋಲ್ಟಿನ ವಯರಿಂಗ್ ಇರುವ ಪೈಪಿನಲ್ಲೇ ನೆಟ್‌ವರ್ಕ್ ಕೇಬಲ್ಲು ಎಳೆಯಲೇಬಾರದು. ಜಾತ್ರೆ, ಸಭೆಗಳ ದೊಡ್ಡ ಸ್ಪೀಕರುಗಳಿಗೆ ನೂರಾರು, ಸಾವಿರಾರು ವಾಟ್ ಬೇಕು. ಅವುಗಳ ಹಸಿವು ಈ ಬುತ್ತಿಯಿಂದ ಹಿಂಗುವುದಿಲ್ಲ.

ಮಾಡಿ ನೋಡಿ

ಎಲ್ಲಿಗೂ ಜೋಡಿಸದ, ಎಸೆಯಲಿಟ್ಟ ಒಂದು ಗೇಣು ನೆಟ್‌ವರ್ಕ್ ಕೇಬಲ್ಲು ಸಂಪಾದಿಸಿ. ದೊಡ್ಡವರಿಂದ ಹೊರಗವಚ ಬಿಡಿಸಿಕೊಳ್ಳಿ. ನಾಲ್ಕು ಜೋಡಿಗಳನ್ನೂ ಬೇರ್ಪಡಿಸಿ, ಒಂದೊಂದರಲ್ಲೂ ಹತ್ತು ಸೆಂಟಿಮೀಟರಿಗೆ ಎಷ್ಟು ಹೊಸೆತವಿದೆ ಎಂದು ಎಣಿಸಿ ಬರೆದಿಡಿ. ನಾಲ್ಕೂ ಒಂದೇ ಲೆಕ್ಕ ಬರುವುದಿಲ್ಲ. ಏಕಿರಬಹುದು? ಎರಡು ಜೋಡಿಗಳಲ್ಲಿ ಒಂದೇ ಹೊಸೆತವಿದ್ದರೆ ಅವುಗಳ ಎಳೆಗಳು ಉದ್ದಕ್ಕೂ ಒಂದೇ ರೀತಿ ಎದುರಾಗಿ, ಒಂದರ ಮಾತು ಇನ್ನೊಂದಕ್ಕೆ ಅಂಟುತ್ತದೆ. ಬೇರೆ ಬೇರೆ ಇಟ್ಟರೆ ಅಂಟುವುದಿಲ್ಲ. ಇನ್ನು ಒಂದು ಎಳೆಯ ಪ್ಲಾಸ್ಟಿಕ್ ತೆಗೆದು ಲೋಹವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಸಿ ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಲೇಪದ ಮೋಸ.

ತಂದೆ ತಾಯಂದಿರಿಗೂ ಒಂದು ಮಾತು. ಶಾಲೆಯ ಪೋಷಕರ ಸಭೆಯಲ್ಲಿ ಫೀಸು, ಅಂಕ, ಬಸ್ಸಿನ ಬಗ್ಗೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: “ಕರೆಂಟು ಹೋದಾಗ ಕೊನೆಯ ತರಗತಿಯ ಮಕ್ಕಳಿಗೆ ಸುದ್ದಿ ಮುಟ್ಟಿಸುವುದು ಹೇಗೆ?” ಉತ್ತರ ಕೇಬಲ್ಲೇ ಆಗಬೇಕೆಂದಿಲ್ಲ. ಒಂದು ಕಂಚಿನ ಗಂಟೆ, ಓಡಬಲ್ಲ ಇಬ್ಬರು ಹುಡುಗರು ಇದ್ದರೂ ಆದೀತು. ಉತ್ತರವೇ ಇಲ್ಲದಿರುವುದು ಮಾತ್ರ ಆಗದು.

ಮೊಮ್ಮಗಳಿಗೆ ಅಜ್ಜ ಇನ್ನು ಮೇಲೆ ಹೇಳಬಹುದು: “ಆ ಫೋನಿಗೂ ಕರೆಂಟು ಬೇಕಿತ್ತು ಮಗಾ. ಆದರೆ ಅದನ್ನು ಕಳಿಸುವವರು ಮಳೆ ಬರುವ ಮೊದಲೇ ಬ್ಯಾಟರಿ ತುಂಬಿಸಿ ಇಡ್ತಿದ್ರು.”